ಕಡಲಂಚಿನ ಮೀನುಗಟ್ಟೆಗಳು

ಚಳಿಗಾಲದ ಇರುಳು ಮೂರನೆಯ ಜಾವಕ್ಕೆ ತಿರುಗಿದ ಹೊತ್ತು. ಈಶಾನ್ಯದಿಂದ ಬಿಡುವಿಲ್ಲದೆ ಬೀಸುವ ಗಾಳಿಗೆ ಅಳುಕಿ ದೋಣಿಗಳೆಲ್ಲ ದಡ ಸೇರಿರುವಾಗ, ತೈವಾನ್ ಜಲಸಂಧಿಯ ಪೆಂಗ್‌ಹು ದ್ವೀಪಸ್ತೋಮದ ಹಳ್ಳಿಯೊಂದರಿಂದ, ಹೆಗಲಿಗೆ ಕೈಬಲೆ, ಸೊಂಟಕ್ಕೆ ಬುಟ್ಟಿ, ಕೈಯಲ್ಲೊಂದು ದೀಪ, ಇಷ್ಟನ್ನೇ ಹೊತ್ತ ಒಬ್ಬಿಬ್ಬರು ಕಡಲಿನ ಕಡೆಗೆ ಇಳಿದು ಹೋಗುತ್ತಾರೆ. ನಾಲ್ಕೈದು ಗಂಟೆಗಳ ಹಿಂದೆ ಆಳುದ್ದ ನೀರು ನಿಂತಿದ್ದ ಎಡೆಯಲ್ಲಿ ಈಗ ಪಾಚಿಗಟ್ಟಿದ ಬಂಡೆಗಳ ಹಾಸು ಬಯಲಾಗಿದೆ. ಅದರ ಮೇಲೆ ಹೆಜ್ಜೆಯನ್ನು ನೋಡಿ ನೋಡಿ ಇಡುತ್ತ ಬಹುದೂರ ನಡೆದ ಮೇಲೆ, ಕತ್ತಲಿನೊಳಗಿಂದ ಕರಿಯ ಕಲ್ಲಿನ ಗೋಡೆಯೊಂದು, ಎಲ್ಲಿ ಮೊದಲಾಯಿತು ಎಲ್ಲಿ ಕೊನೆಗೊಂಡಿತು ಎಂಬುದು ಕಾಣದಷ್ಟು ಉದ್ದವಾಗಿ ಬಾಗಿ ಸಾಗುವುದು ಗೋಚರವಾಗುತ್ತದೆ. ಆ ಗೋಡೆಯ ಒಳಮಗ್ಗುಲಲ್ಲಿ ಉಳಿದ ನೀರಿಗೆ ದೀಪ ಹಿಡಿದರೆ, ಹೊರದಾರಿಯನ್ನು ಅರಸುತ್ತ ಸುತ್ತಿ ಸುತ್ತಿ ಬರುವ ಮೀನಿನ ಹಿಂಡು ಮಿಂಚುತ್ತದೆ.

ಹೀಗೆ ಕಲ್ಲಿನ ಕಟ್ಟೆಯಿಂದ ಮೀನನ್ನು ತಡೆದು ಹಿಡಿಯುವ ಈ ವಿಧಾನದ ಒಂದು ರೂಪವನ್ನಾದರೂ ನಮ್ಮ ಓದುಗರಲ್ಲಿ ಅನೇಕರು ಚಿತ್ರದಲ್ಲಿ ಕಂಡಿರಬಹುದು. ನೀಲಿ ನೀರಿನ ನಡುವೆ ಎರಡು ಹೃದಯಾಕೃತಿಗಳು ಒಂದಕ್ಕೊಂದು ಹೆಣೆದಂತೆ ತೋರುವ ಆ ಪ್ರಸಿದ್ಧ ಛಾಯಾಚಿತ್ರ ಪೆಂಗ್‌ಹುವಿನ ದಕ್ಷಿಣದ ಚೀಮೇ ದ್ವೀಪದ್ದು. ನವದಂಪತಿಗಳು ಅಲ್ಲಿಗೆ ಹೋಗಿ ಚಿತ್ರ ತೆಗೆಸಿಕೊಳ್ಳುವುದು ವಾಡಿಕೆಯಾಗಿದೆ. ಆದರೆ ಆ ಗೋಡೆಗಳನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಪ್ರಣಯವಲ್ಲ, ಮನೆಮಂದಿಯ ಊಟ. ಬೇಸಾಯಕ್ಕೆ ಒಗ್ಗದ ಕಲ್ಲುನೆಲ, ವರ್ಷದಲ್ಲಿ ಸುಮಾರು ಅರ್ಧಕಾಲ ದೋಣಿಯನ್ನು ಹೊರಡಗೊಡದ ಗಾಳಿ, ಇವೆರಡರ ನಡುವೆ ಬದುಕಬೇಕಾಗಿದ್ದ ಜನ, ತಾವು ಕಡಲಿಗೆ ಹೋಗಲಾರದ ದಿನಗಳಲ್ಲಿ ಕಡಲೇ ತಮ್ಮ ಬಾಗಿಲಿಗೆ ಮೀನು ತಂದು ಬಿಡುವಂತೆ ಮಾಡಿದ ಏರ್ಪಾಡು ಇದು.

ಕಟ್ಟೆಯ ರಚನೆ

ಪೆಂಗ್‌ಹುವಿನಲ್ಲಿ ಇದಕ್ಕೆ ಶಿಹು ಎನ್ನುತ್ತಾರೆ. ತೊಂಬತ್ತರಷ್ಟು ದ್ವೀಪಗಳ ಆ ಸ್ತೋಮದಲ್ಲಿ ಐದುನೂರಕ್ಕೂ ಮಿಕ್ಕಿದ ಶಿಹುಗಳನ್ನು ಗುರುತಿಸಿ ಎಣಿಸಿದ್ದಾರೆ; ಉತ್ತರದ ತುದಿಯ ಜೀಬೇ ಎಂಬ ಪುಟ್ಟ ದ್ವೀಪವೊಂದರ ಸುತ್ತಲೇ ಎಂಬತ್ತಕ್ಕೆ ಮೇಲ್ಪಟ್ಟು ಇವೆ. ಜಗತ್ತಿನ ಬೇರೆಲ್ಲಿಯೂ ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ದಟ್ಟವಾಗಿ ಮೀನುಗಟ್ಟೆಗಳು ನೆರೆದಿರುವುದು ದುರ್ಲಭ.

ಅತ್ಯಂತ ಸರಳವಾದ ಕಟ್ಟೆ ಕೇವಲ ಒಂದು ಕಮಾನು. ದಡದ ಕಡೆಗೆ ಬಾಯಿ ತೆರೆದು, ಕಡಲಿನ ಕಡೆಗೆ ಬೆನ್ನು ಮಾಡಿ, ಅರ್ಧಚಂದ್ರಾಕಾರವಾಗಿ ಬಾಗಿದ ಕಲ್ಲಿನ ಸಾಲು. ಉಬ್ಬರದಲ್ಲಿ ನೀರು ಏರಿ ಕಟ್ಟೆಯನ್ನು ಪೂರ್ತಿ ಮುಳುಗಿಸುತ್ತದೆ. ದಂಡೆಯ ಪಾಚಿಯನ್ನೂ ಹುಳುಹುಪ್ಪಟೆಯನ್ನೂ ಮೇಯಲು ಬರುವ ಮೀನುಗಳು, ಅಡಿಯಲ್ಲಿ ಗೋಡೆಯೊಂದಿದೆಯೆಂಬ ಅರಿವಿಲ್ಲದೆ ಅದರ ಮೇಲಿನಿಂದಲೇ ಹಾದು ಒಳಗೆ ಬರುತ್ತವೆ. ನೀರು ಇಳಿಯತೊಡಗಿದಾಗ ಅವೂ ಆಳದ ಕಡೆಗೆ ತಿರುಗುತ್ತವೆ. ಅಷ್ಟರಲ್ಲಿ ಗೋಡೆಯ ತಲೆ ನೀರಿನಿಂದ ಮೇಲೆದ್ದಿರುತ್ತದೆ. ನೀರು ಕಲ್ಲುಗಳ ಸಂದಿನಿಂದ ಸೋರಿ ಹೊರಗೆ ಹೋಗುತ್ತದೆ, ಮೀನು ಹೋಗಲಾರದು.

ನೀರು ಇನ್ನೂ ಆಳವಾಗಿರುವ ಎಡೆಗಳಲ್ಲಿ, ಎರಡು ಉದ್ದ ತೋಳುಗಳ ಕೊನೆಗೆ ದುಂಡಾದ ಕೋಣೆಯೊಂದನ್ನು ಜೋಡಿಸುವುದುಂಟು. ಇದು ಮನುಷ್ಯನ ಬುದ್ಧಿಯ ನಿಜವಾದ ಸೊಬಗು ಕಾಣುವ ಭಾಗ. ಗೋಡೆ ಎದುರಾದಾಗ ಮೀನು ಹಿಂದಕ್ಕೆ ತಿರುಗದೆ ಗೋಡೆಯ ಮಗ್ಗುಲಲ್ಲೇ ಈಜುತ್ತ ಹೋಗುತ್ತದೆಂಬುದನ್ನು ಆ ಜನ ಎಷ್ಟು ತಲೆಮಾರು ನೋಡಿ ಕಂಡುಕೊಂಡರೋ, ಆ ಸ್ವಭಾವವನ್ನೇ ಆಧಾರವಾಗಿ ಹಿಡಿದು, ತೋಳುಗಳು ಕೋಣೆಯನ್ನು ಸೇರುವಲ್ಲಿ ಬಾಗಿಲನ್ನು ಕಿರಿದು ಮಾಡಿ, ಅದರ ಎರಡು ಅಂಚುಗಳನ್ನೂ ಒಳಮುಖವಾಗಿ ಸುರುಳಿ ಬಗ್ಗಿಸಿದರು. ಕೋಣೆಯನ್ನು ಹೊಕ್ಕ ಮೀನು ಗೋಡೆಯ ಜಾಡು ಹಿಡಿದು ಸುತ್ತಿ ಬಂದು ಬಾಗಿಲನ್ನು ಸಮೀಪಿಸಿದಾಗ, ಆ ಸುರುಳಿಯ ಬಾಗು ಅದನ್ನು ಮತ್ತೆ ಕೋಣೆಯ ಮಧ್ಯಕ್ಕೇ ತಿರುಗಿಸಿ ಕಳಿಸುತ್ತದೆ. ಚೀಮೇಯ ಚಿತ್ರದಲ್ಲಿ ಹೃದಯದ ಮೇಲ್ಗಡೆ ಕಾಣುವ ತಗ್ಗು ಈ ಸುರುಳಿಗಳಿಂದ ಆದದ್ದು.

ಗೋಡೆಗೆ ಗಾರೆಯಿಲ್ಲ. ಜ್ವಾಲಾಮುಖಿಯ ಕರಿಗಲ್ಲನ್ನೂ ಹವಳದ ಕಲ್ಲನ್ನೂ ಒಂದಕ್ಕೊಂದು ಕಚ್ಚಿ ಕೂರುವಂತೆ ಆರಿಸಿ ಇಡುವುದೇ ಅಲ್ಲಿಯ ಸ್ಥಪತಿವಿದ್ಯೆ. ಇಟ್ಟ ಮೇಲೆ ಸಿಂಪಿಗಳೂ ಸುಣ್ಣ ಕಟ್ಟುವ ಜಲಜೀವಿಗಳೂ ಸಂದುಗಳಲ್ಲಿ ನೆಲೆಸಿ, ವರ್ಷಗಳು ಕಳೆದಂತೆ ಕಲ್ಲಿಗೆ ಕಲ್ಲನ್ನು ಬೆಸೆಯುತ್ತವೆ. ಸಿಮೆಂಟು ಹಾಕಿ ಭದ್ರಪಡಿಸಬಾರದೇ ಎಂದು ಕೇಳುವವರಿಗೆ ಉತ್ತರ ಸುಲಭ: ಅಲೆಯ ಹೊಡೆತದಲ್ಲಿ ಒಂದು ಪಾಲು ಸಂದುಗಳ ಮೂಲಕ ಹಾದುಹೋಗುವುದರಿಂದಲೇ ಗೋಡೆ ನಿಲ್ಲುತ್ತದೆ, ಸಂದು ಮುಚ್ಚಿದರೆ ಪೂರ್ಣಾಘಾತವನ್ನು ಗೋಡೆಯೇ ತಾಳಬೇಕಾಗುತ್ತದೆ, ಜೊತೆಗೆ ಇಳಿತದ ನೀರೂ ಹೊರಗೆ ಹೋಗಲಾರದು. ಎತ್ತರವೂ ಅಷ್ಟೇ ಸೂಕ್ಷ್ಮವಾದದ್ದು. ಒಂದಿಷ್ಟು ಹೆಚ್ಚಾದರೆ ಮೀನು ಒಳಗೆ ಬರುವುದಕ್ಕೆ ಸಿಗುವ ಕಾಲ ಕಡಮೆಯಾಗುತ್ತದೆ, ತಗ್ಗಾದರೆ ಒಳಗಿದ್ದದ್ದು ತಪ್ಪಿಸಿಕೊಳ್ಳುತ್ತದೆ. ಇದನ್ನು ನಿಷ್ಕರ್ಷೆ ಮಾಡಬಲ್ಲವನು ಆ ದಂಡೆಯ ನೀರಿನ ನಡೆಯನ್ನು ಬಲ್ಲ ಹಿರಿಯ ಮಾತ್ರ. ಇಳಿತದ ಕೆಲವೇ ಗಂಟೆಗಳು ಬಿಟ್ಟರೆ ಕೆಲಸಕ್ಕೆ ಎಡೆಯೇ ಇಲ್ಲದುದರಿಂದ, ದೊಡ್ಡ ಕಟ್ಟೆಯೊಂದು ಮುಗಿಯುವುದಕ್ಕೆ ವರ್ಷಗಳೇ ಹಿಡಿಯುತ್ತಿದ್ದುವು.

ಚಂದ್ರನ ಪಂಚಾಂಗ

ಉಬ್ಬರದಿಂದ ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದುದರಿಂದ ಇಂದು ಬೆಳಗಿನ ಆರಕ್ಕೆ ನೀರು ಇಳಿದಿದ್ದರೆ ನಾಳೆ ಆರೂ ಮುಕ್ಕಾಲು ದಾಟಿ ಇಳಿಯುತ್ತದೆ. ಹದಿನೈದು ದಿನಗಳಲ್ಲಿ ಇಳಿತವು ಹಗಲನ್ನೂ ರಾತ್ರಿಯನ್ನೂ ಸುತ್ತಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಮೆ. ಪೆಂಗ್‌ಹುವಿನಲ್ಲಿ ಈ ಅಂತರ ಎರಡು ಮೂರು ಮೀಟರಿನಷ್ಟು. ಇಂಥ ಕಟ್ಟೆಗೆ ಇದು ಹದವಾದ ಪ್ರಮಾಣ. ನಮ್ಮ ಕರಾವಳಿಯಲ್ಲಿ ಏರಿಳಿತ ಎರಡು ಮೀಟರಿನ ಒಳಗೇ ಮುಗಿಯುವುದರಿಂದಲೂ, ದಂಡೆ ಬಹುಮಟ್ಟಿಗೆ ಮರಳಿನದಾದುದರಿಂದಲೂ, ಮಳೆಗಾಲದ ಕಡಲು ನೇರವಾಗಿ ಬಂದು ಅಪ್ಪಳಿಸುವುದರಿಂದಲೂ, ತೆರೆದ ಕಡಲಿನಲ್ಲಿ ಇಂಥದ್ದೊಂದು ಗೋಡೆ ನಿಲ್ಲುವ ಸಂಭವವಿಲ್ಲ.

ಕಲ್ಲು ಹಾಸಿನ ಅಗಲವಾದ ದಂಡೆ, ಸಾಕಷ್ಟು ಏರಿಳಿತ, ಕೈಗೆಟುಕುವ ಬಿಡಿಗಲ್ಲು, ದಂಡೆಗೆ ಮೇಯಲು ಬರುವ ಮೀನು, ಇವೆಲ್ಲ ಒಂದೆಡೆ ಕೂಡಿದಲ್ಲಿ ಮಾತ್ರ ಮೀನುಗಟ್ಟೆ ಹುಟ್ಟುತ್ತದೆ. ಹಾಗೆ ಕೂಡಿದ ಎಡೆಗಳಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಜನಾಂಗಗಳೂ ಬಹುಮಟ್ಟಿಗೆ ಒಂದೇ ಬಗೆಯ ಗೋಡೆಯನ್ನು ಕಟ್ಟಿವೆ.

ಪಾಲು ಮತ್ತು ಪಾಳಿ

ಕಲ್ಲನ್ನು ಕುರಿತು ಇಷ್ಟು ಹೇಳಿಯಾಯಿತು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಕಲ್ಲನ್ನು ಹಿಡಿದು ನಿಲ್ಲಿಸಿದ್ದ ಮನುಷ್ಯರ ಒಡಂಬಡಿಕೆ. ಒಂದು ಕುಟುಂಬದ ದುಡಿಮೆಗೆ ಮೀರಿದ ಕೆಲಸವಾದುದರಿಂದ ಅನೇಕ ಮನೆಗಳು ಕೂಡಿ ಕಟ್ಟೆಯನ್ನು ಕಟ್ಟುತ್ತಿದ್ದುವು. ಯಾರು ಎಷ್ಟು ದುಡಿದರೋ ಅದಕ್ಕೆ ತಕ್ಕ ಪಾಲು ಅವರಿಗೆ. ಕೆಲವು ಹಳ್ಳಿಗಳಲ್ಲಿ ದೇವಸ್ಥಾನಕ್ಕೂ ಪಾಲಿರುತ್ತಿತ್ತು, ಅದರ ಹುಟ್ಟುವಳಿ ಪೂಜೆ ಉತ್ಸವಗಳಿಗೆ ಸಲ್ಲುತ್ತಿತ್ತು. ತಂದೆಯಿಂದ ಮಗನಿಗೆ ಪಾಲು ಇಳಿದು ಬರುತ್ತಿತ್ತು. ಮಾರಬಹುದಾಗಿತ್ತು, ಒತ್ತೆಯಿಡಬಹುದಾಗಿತ್ತು, ಅಣ್ಣತಮ್ಮಂದಿರು ಒಂದು ಪಾಲನ್ನೇ ಮತ್ತೆ ಹೋಳು ಮಾಡಿಕೊಳ್ಳಬಹುದಾಗಿತ್ತು. ನೆಲದ ಮೇಲೆ ಗದ್ದೆಗೆ ಯಾವ ಸ್ಥಾನವೋ ನೀರಿನ ಕೆಳಗೆ ಕಟ್ಟೆಗೂ ಅದೇ ಸ್ಥಾನವಿತ್ತು. 1895ರಿಂದ 1945ರ ಪರ್ಯಂತ ತೈವಾನನ್ನು ಆಳಿದ ಜಪಾನೀ ಸರಕಾರವು ಈ ಕಟ್ಟೆಗಳಿಗೆ ಮೀನುಗಾರಿಕೆಯ ಹಕ್ಕುಪತ್ರಗಳನ್ನೇ ಕೊಟ್ಟು ದಾಖಲು ಮಾಡಿತು.

ಕೆರೆಯ ಕೆಳಗಿನ ಗದ್ದೆಗಳಿಗೆ ನೀರುಗಂಟಿ ಸರದಿಯ ಪ್ರಕಾರ ನೀರು ಬಿಡುವಂತೆ, ಕಟ್ಟೆಯ ಮೀನಿಗೂ ಪಾಳಿಯಿತ್ತು. ಯಾವ ದಿನ ಯಾರದೆಂಬುದನ್ನು ಚೀಟಿಯೆತ್ತಿ ನಿಶ್ಚಯಿಸುತ್ತಿದ್ದರು. ತನ್ನ ದಿನ ಬಂದವನು ಇಳಿತಕ್ಕೆ ಮುಂಚೆಯೇ ಹೋಗಿ ಕಟ್ಟೆಯನ್ನು ಕಾಯಬೇಕು. ಸಿಕ್ಕಿದ್ದು ಒಂದೇ ಮೀನಾಗಲಿ ಬುಟ್ಟಿ ಬುಟ್ಟಿಯಾಗಲಿ ಅದು ಅವನದು. ಹಿಂಡು ಹಿಂಡಾಗಿ ತಿರುಗುವ ಸಣ್ಣ ಮೀನು ತುಂಬಿದ ಅದೃಷ್ಟದ ರಾತ್ರಿಗಳಲ್ಲಿ ಒಬ್ಬನ ಕೈಯಿಂದ ಹಿಡಿಯಲಾರದಷ್ಟು ಸಿಕ್ಕಾಗ ಊರಿನವರನ್ನು ಕೂಗಿ ಕರೆದು ಹಂಚಿಕೊಳ್ಳುವುದೂ ಇತ್ತು. ಮೀನಿಲ್ಲದೆ ಬರಿಗೈಯಲ್ಲಿ ಹಿಂದಿರುಗಿದ ರಾತ್ರಿಗಳೇ ಹೆಚ್ಚು ಎಂಬುದನ್ನೂ ಮರೆಯಬಾರದು.

ಮೀನಿನಲ್ಲಿ ಪಾಲು ಇದ್ದವನಿಗೆ ದುರಸ್ತಿಯಲ್ಲಿಯೂ ಪಾಲು ತಪ್ಪದು. ಬಿರುಗಾಳಿಯೊಂದು ಹಾದುಹೋದರೆ ಕಟ್ಟೆಯಲ್ಲಿ ಎಲ್ಲಿಯೋ ಒಂದು ಕಂಡಿ ಬಿದ್ದಿರುತ್ತದೆ. ಆ ಕಂಡಿಯನ್ನು ಮುಂದಿನ ದೊಡ್ಡ ಅಲೆ ಬರುವುದರೊಳಗೆ ಮುಚ್ಚದಿದ್ದರೆ ಅಕ್ಕಪಕ್ಕದ ಕಲ್ಲುಗಳೂ ಸಡಿಲವಾಗಿ ಉರುಳುತ್ತವೆ. ಹೀಗಾಗಿ ಪಾಳಿಯವನು ಪ್ರತಿ ರಾತ್ರಿ ಮೀನಿನೊಂದಿಗೆ ಗೋಡೆಯನ್ನೂ ನೋಡಿ ಬರುತ್ತಿದ್ದನು. ಉರುಳಿದ ಕಲ್ಲನ್ನು ಎತ್ತಿಟ್ಟು ಬರುತ್ತಿದ್ದನು. ಶತಮಾನಗಳಷ್ಟು ಹಳೆಯದೆಂದು ನಾವು ಬೆರಗಿನಿಂದ ನೋಡುವ ಗೋಡೆಯಲ್ಲಿ ಪ್ರತಿಯೊಂದು ಕಲ್ಲೂ ಹೀಗೆ ಎಷ್ಟು ಸಲ ಬಿದ್ದು ಎಷ್ಟು ಸಲ ಎದ್ದಿದೆಯೋ ಹೇಳುವಂತಿಲ್ಲ. ಅದರ ಆಯುಷ್ಯವೆಂದರೆ ಅದನ್ನು ಎತ್ತಿಟ್ಟ ಕೈಗಳ ಆಯುಷ್ಯವೇ.

ಬೇರೆ ಬೇರೆ ಕಡಲುಗಳಲ್ಲಿ

ಪೆಸಿಫಿಕ್ ಸಾಗರದ ನಡುವಿನ ಯಾಪ್ ದ್ವೀಪದಲ್ಲಿ ಇಂಥ ಕಟ್ಟೆಯನ್ನು ಆಚ್ ಎನ್ನುತ್ತಾರೆ. ಅಲ್ಲಿಯದು ಬಾಣದ ಆಕಾರ. ಮೊನೆ ಕಡಲಿನ ಕಡೆಗೆ, ದಂಡ ದಡದ ಕಡೆಗೆ. ಆಕಾಶದಿಂದ ನೋಡಿದರೆ ದ್ವೀಪವೇ ಸುತ್ತಲೂ ಬಾಣ ಬಿಟ್ಟಂತೆ ತೋರುತ್ತದೆ. ಕಟ್ಟೆಯ ಒಡೆತನ ಅಲ್ಲಿ ಮನೆತನದ ಭೂಮಿಯೊಂದಿಗೆ ಕೂಡಿಬರುತ್ತದೆ. ಪಾಲಿನೇಷ್ಯದ ಹುವಾಹಿನೆ ದ್ವೀಪದ ಮಾಯೆವ ಗ್ರಾಮದಲ್ಲಿ ಸರೋವರವನ್ನೂ ಸಮುದ್ರವನ್ನೂ ಕೂಡಿಸುವ ಕಾಲುವೆಯಲ್ಲಿರುವ ಕಲ್ಲುಗಟ್ಟೆಗಳು ಇಂದಿಗೂ ಬಳಕೆಯಲ್ಲಿವೆ.

ಕೊರಿಯದ ಪಶ್ಚಿಮ ತೀರದಲ್ಲಿ ಇವು ದೊಕ್ಸಲ್; ಜೇಜು ದ್ವೀಪದಲ್ಲಿ ವೊಂದಮ್. ಜೇಜುವಿನಲ್ಲಿ ಕಟ್ಟೆ ಊರಿನ ಸಾಮಾನ್ಯ ಸ್ವತ್ತು. ಸಣ್ಣ ಮೀನಿನ ದಂಡು ಒಳಗೆ ಬಿದ್ದಿತೆಂಬ ಕೂಗು ಕೇಳಿದೊಡನೆ ಮನೆಮನೆಯಿಂದ ಬುಟ್ಟಿ ಹಿಡಿದು ಓಡಿ ಬರುವುದು ಅಲ್ಲಿಯ ರೂಢಿ. ಹದಿನೆಂಟನೆಯ ಶತಮಾನದ ಖ್ಯಾತ ಕೊರಿಯನ್ ಚಿತ್ರಕಾರ ಕಿಮ್ ಹೊಂಗ್ ದೋ ತನ್ನ ಜನಜೀವನದ ಚಿತ್ರಮಾಲೆಯಲ್ಲಿ ಗೂಟಗಳನ್ನು ನೆಟ್ಟು ಮಾಡಿದ ಇಂಥದೇ ಮೀನುಬೇಲಿಯನ್ನು ಬರೆದಿದ್ದಾನೆ. 2019ರಲ್ಲಿ ಕೊರಿಯ ಸರಕಾರ ಈ ಬಗೆಯ ಮೀನುಗಾರಿಕೆಯನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯೆಂದು ಘೋಷಿಸಿತು. ಅಮೂರ್ತವೆಂದದ್ದು ಸರಿಯೆಂದೇ ನನ್ನ ಅಭಿಪ್ರಾಯ: ಗೋಡೆಯನ್ನಲ್ಲ, ಗೋಡೆ ಕಟ್ಟಿ ಮೀನು ಹಿಡಿಯುವ ಅರಿವನ್ನು ಅವರು ಪಟ್ಟಿಗೆ ಸೇರಿಸಿದರು.

ಯೂರೋಪಿನಲ್ಲಿಯೂ ಇವು ಅಪರೂಪವಲ್ಲ. ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಹಿನ್ನೀರಿನಲ್ಲಿ ಮಧ್ಯಯುಗದ ಮಠಗಳ ನೆರೆಯಲ್ಲಿ ಕಲ್ಲಿನ ಹಾಗೂ ಮರದ ಕಟ್ಟೆಗಳು ದೊರೆತಿವೆ. ಮಾಂಸ ವರ್ಜ್ಯವಾದ ವ್ರತದ ದಿನಗಳು ಅಷ್ಟೊಂದಿದ್ದ ಸನ್ಯಾಸಿಗಳಿಗೆ ಮೀನಿನ ಅಗತ್ಯ ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಫ್ರಾನ್ಸಿನ ಪಶ್ಚಿಮದ ರೆ ಮತ್ತು ಒಲೆರಾನ್ ದ್ವೀಪಗಳಲ್ಲಿಯೂ, ಸ್ಪೇನಿನ ಕಾದಿಸ್ ಪ್ರಾಂತದ ರೋಟ ಮತ್ತು ಚಿಪಿಯೋನ ಊರುಗಳಲ್ಲಿಯೂ ಕಟ್ಟೆಗಳು ಉಳಿದಿವೆ.

ಅರಸರ ಕಟ್ಟಳೆಗಳು

ಮೀನುಗಟ್ಟೆ ಯಾರ ಕಣ್ಣಿಗೂ ಬೀಳದ ಬಡವರ ಉಪಾಯವಾಗಿ ಮಾತ್ರ ಉಳಿಯಲಿಲ್ಲ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಒಪ್ಪಿ ಮುದ್ರೆಯೊತ್ತಿದ ಮ್ಯಾಗ್ನಾ ಕಾರ್ಟಾ ಸನ್ನದನ್ನು ಪ್ರಜಾಸ್ವಾತಂತ್ರ್ಯದ ಮೂಲಪತ್ರವೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರ ಮೂವತ್ತಮೂರನೆಯ ಕಲಮು ಮೀನುಗಟ್ಟೆಗಳಿಗೆ ಸಂಬಂಧಿಸಿದ್ದು ಎಂಬುದು ಬಹು ಜನಕ್ಕೆ ತಿಳಿಯದು. ಥೇಮ್ಸ್, ಮೆಡ್‌ವೇ ಮೊದಲ್ಗೊಂಡು ಇಡೀ ಇಂಗ್ಲೆಂಡಿನ ನದಿಗಳಲ್ಲಿ ದೋಣಿಯ ಸಂಚಾರಕ್ಕೆ ಅಡ್ಡಬಂದಿದ್ದ ಕಟ್ಟೆಗಳನ್ನು ತೆಗೆದುಹಾಕತಕ್ಕದ್ದೆಂದು ವಿಧಿಸಿದ ಆ ಕಲಮು, ಕಡಲಂಚಿನವನ್ನು ಮಾತ್ರ ಹೊರತುಪಡಿಸಿತು.

ಇದಕ್ಕಿಂತ ಸ್ವಾರಸ್ಯವಾದದ್ದು ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1681ರಲ್ಲಿ ಹೊರಟ ಸಮುದ್ರ ಶಾಸನ. ಕಲ್ಲಿನ ಕಟ್ಟೆಯು ಅರ್ಧವೃತ್ತಾಕಾರವಾಗಿರತಕ್ಕದ್ದು. ಎತ್ತರ ನಾಲ್ಕು ಅಡಿಯನ್ನು ಮೀರಕೂಡದು. ಸುಣ್ಣವನ್ನಾಗಲಿ ಗಾರೆಯನ್ನಾಗಲಿ ಬಳಸಕೂಡದು. ಕಡಲಿನ ಕಡೆಯ ತಳದಲ್ಲಿ ಎರಡಡಿ ಅಗಲದ ಕಂಡಿ ಬಿಟ್ಟು ಅದಕ್ಕೆ ಮರದ ಜಾಲರಿ ಮಾತ್ರ ಹಾಕತಕ್ಕದ್ದು. ಆ ಜಾಲರಿಯ ಕಣ್ಣು ಚಳಿಗಾಲದಲ್ಲಿ ಒಂದು ಅಂಗುಲವಾದರೂ ಇರಬೇಕು, ಈಸ್ಟರಿನಿಂದ ಅಕ್ಟೋಬರಿನ ಮೊದಲಿನವರೆಗೆ ಎರಡು ಅಂಗುಲವಾದರೂ ಇರಬೇಕು. ಬೇಸಗೆಯಲ್ಲಿ ಮರಿಮೀನುಗಳು ದಂಡೆಗೆ ಬರುವ ಕಾಲದಲ್ಲಿ ಅವು ತಪ್ಪಿಸಿಕೊಂಡು ಹೋಗಲೆಂಬುದು ಇದರ ಅಭಿಪ್ರಾಯ. ಮುನ್ನೂರು ವರ್ಷಗಳಿಗೂ ಹಿಂದೆ, ಬಲೆಯ ಕಣ್ಣಿನ ಅಳತೆಯನ್ನು ಋತುವಿಗೆ ತಕ್ಕಂತೆ ಬದಲಿಸಿ ಮೀನಿನ ಸಂತತಿಯನ್ನು ಕಾಯಬೇಕೆಂಬ ವಿವೇಕ ಕಾನೂನಿನ ಮಾತಾಗಿ ಹೊರಟಿತ್ತು. ನಮ್ಮ ಮೀನುಗಾರಿಕಾ ಬಂದರುಗಳಲ್ಲಿ ಇಂದು ರಾಶಿ ಬೀಳುವ ಬೆರಳುದ್ದದ ಮರಿಗಳನ್ನು ಕಂಡವರಿಗೆ ಈ ಶಾಸನದ ಬೆಲೆ ವಿವರಿಸಬೇಕಾಗಿಲ್ಲ.

ಮೀನುಗಟ್ಟೆ ತಾನಾಗಿಯೇ ಪ್ರಕೃತಿಗೆ ಹಿತವಾದದ್ದೆಂದು ಹೇಳುವ ಉತ್ಸಾಹ ಈಚೆಗೆ ಕಾಣುತ್ತದೆ. ಅದು ಅರ್ಧಸತ್ಯ. ಬಂದದ್ದನ್ನು ಹಿಡಿಯುತ್ತದೆಯೇ ಹೊರತು ಬೆನ್ನಟ್ಟಿ ಹೋಗುವುದಿಲ್ಲ, ಸಿಕ್ಕ ಮೀನು ಜೀವಂತವಾಗಿಯೇ ಇರುವುದರಿಂದ ಬೇಡವಾದದ್ದನ್ನು ಹಾಗೆಯೇ ಬಿಟ್ಟುಬಿಡಬಹುದು, ಕಲ್ಲಿನ ಸಂದುಗಳು ಏಡಿಗೂ ಸಿಂಪಿಗೂ ಮನೆಯಾಗುತ್ತವೆ, ಇವೆಲ್ಲ ನಿಜ. ಆದರೆ ಬಿಡುವ ಮನಸ್ಸು ಕಲ್ಲಿಗಿಲ್ಲ, ಕಾಯುವವನಿಗಿರಬೇಕು. ಹಾಗಿಲ್ಲದ ಕಾರಣದಿಂದಲೇ ಇಂಥ ಶಾಸನಗಳು ಬೇಕಾದುವು.

ಕಲ್ಲಿನ ವಯಸ್ಸು

ಈ ಗೋಡೆಗಳು ಎಷ್ಟು ಹಳೆಯವು? ಪ್ರಶ್ನೆ ಸುಲಭ, ಉತ್ತರ ಬಹಳ ಕಷ್ಟ. ಮರದ ಗೂಟವಾದರೆ ಅದರ ಇಂಗಾಲವನ್ನು ಪರೀಕ್ಷಿಸಿ ಕಾಲ ನಿರ್ಣಯ ಮಾಡಬಹುದು. ಕಲ್ಲು ಕೋಟ್ಯಂತರ ವರ್ಷಗಳ ಹಿಂದಿನದು. ಅದನ್ನು ಇಲ್ಲಿ ತಂದಿಟ್ಟದ್ದು ಯಾವಾಗ ಎಂಬುದನ್ನು ಅದು ಹೇಳಲಾರದು.

ದಕ್ಷಿಣ ಆಫ್ರಿಕದ ಸ್ಟಿಲ್‌ಬಾಯ್ ಮೊದಲಾದ ಊರುಗಳ ತೀರದಲ್ಲಿರುವ ಕಲ್ಲುಗಟ್ಟೆಗಳ ಕತೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಕಟ್ಟಿದವೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಪ್ರವಾಸಿಗಳಿಗೂ ಹಾಗೆಯೇ ಹೇಳುತ್ತಿದ್ದರು. 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹಳೆಯ ಕಾಗದಪತ್ರಗಳನ್ನೂ ಸಮುದ್ರಮಟ್ಟದ ಇತಿಹಾಸವನ್ನೂ ದಂಡೆಯ ಪ್ರಾಚೀನ ತಿಪ್ಪೆಗಳಲ್ಲಿ ದೊರೆತ ಮೀನಿನ ಎಲುಬುಗಳನ್ನೂ ತಾಳೆ ನೋಡಿ, ಈಗ ಕಾಣುವ ಕಟ್ಟೆಗಳಲ್ಲಿ ಬಹುಪಾಲು ಈಚಿನ ಒಂದೆರಡು ಶತಮಾನಗಳಲ್ಲಿ ವಲಸೆಬಂದ ರೈತರು ಕಟ್ಟಿದವಾಗಿರಬೇಕೆಂದು ವಾದಿಸಿತು. ಇದರಿಂದ ಕೆಲವರಿಗೆ ನಿರಾಶೆಯಾಯಿತು. ನಿರಾಶೆಗೆ ಕಾರಣವಿಲ್ಲವೆಂದು ನನಗೆ ತೋರುತ್ತದೆ. ನೂರು ವರ್ಷದ ಹಿಂದೆಯೂ ಮನುಷ್ಯರು ಬರಿಗೈಯಿಂದ ಇಂಥದ್ದನ್ನು ಕಟ್ಟಿ ಅದರಿಂದ ಹೊಟ್ಟೆ ಹೊರೆದರೆಂಬುದು ಗೌರವಕ್ಕೆ ಸಾಲದೆ?

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅಲಾಸ್ಕದ ಶಾಕನ್ ಕೊಲ್ಲಿಯದು. ಅಲ್ಲಿ ಸುಮಾರು 52 ಮೀಟರ್ ಆಳದ ಕಡಲತಳದಲ್ಲಿ ಕಮಾನಿನಾಕಾರದ ಕಲ್ಲಿನ ಸಾಲುಗಳಿರುವುದು ಧ್ವನಿತರಂಗಗಳ ಮೂಲಕ ಮೊದಲು 2010ರಲ್ಲಿ ಕಂಡುಬಂದು, 2022ರಲ್ಲಿ ನೀರಡಿಯ ಯಂತ್ರದಿಂದ ಖಚಿತವಾಯಿತು. ಮೀನುಗಟ್ಟೆ ಕೆಲಸ ಮಾಡಬೇಕಾದರೆ ಅದು ಉಬ್ಬರ ಇಳಿತಗಳ ನಡುವಿನ ಪಟ್ಟಿಯಲ್ಲಿಯೇ ಇರಬೇಕಷ್ಟೆ. ಆದುದರಿಂದ ಕಡಲಿನ ಮಟ್ಟ ಆ ಆಳದಲ್ಲಿದ್ದುದು ಯಾವಾಗ ಎಂದು ಗೊತ್ತಾದರೆ ಕಟ್ಟೆಯ ಕಾಲವೂ ಗೊತ್ತಾದಂತೆಯೇ. ಆ ಲೆಕ್ಕದಂತೆ ಅದು ಕನಿಷ್ಠ 11,100 ವರ್ಷ ಹಳೆಯದು. ಹಿಮಯುಗದ ನೀರ್ಗಲ್ಲುಗಳು ಕರಗಿ ಕಡಲು ಏರಿದಂತೆ ಜನ ದಡದ ಜೊತೆಗೆ ಹಿಂದೆ ಸರಿದರು, ಕಟ್ಟೆ ಅಲ್ಲಿಯೇ ಉಳಿಯಿತು.

ಅಘನಾಶಿನಿಯ ಗಜನಿ

ತೆರೆದ ಕಡಲಿನಲ್ಲಿ ನಮಗೆ ಮೀನುಗಟ್ಟೆ ಇಲ್ಲದಿದ್ದರೂ, ಇಳಿತದ ನೀರಿನಿಂದ ಮೀನು ಹಿಡಿಯುವ ಅರಿವು ನಮ್ಮವರಿಗೂ ಇತ್ತು. ಉತ್ತರ ಕನ್ನಡದ ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿರುವ ಗಜನಿ ಭೂಮಿಯನ್ನು ಕಂಡವರಿಗೆ ಇದು ತಿಳಿದ ವಿಷಯ. ಮಣ್ಣಿನ ಒಡ್ಡು ಕಟ್ಟಿ, ಅದರಲ್ಲಿ ಹಲಗೆಯ ಬಾಗಿಲು ಇಟ್ಟು, ಮಳೆಗಾಲದಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತವನ್ನು ಬೆಳೆಯುವುದು. ಕೊಯ್ಲಾದ ಮೇಲೆ ಬಾಗಿಲು ತೆರೆದು ಭರತದ ನೀರನ್ನು ಗದ್ದೆಗೆ ಬಿಟ್ಟುಕೊಂಡು, ನೀರು ಇಳಿದು ಹೊರಗೆ ಹೋಗುವಾಗ ಬಾಗಿಲಿಗೆ ಬಲೆಯೊಡ್ಡಿ ಸಿಗಡಿಯನ್ನೂ ಮೀನನ್ನೂ ಹಿಡಿಯುವುದು. ಕಲ್ಲಿನ ಬದಲು ಮಣ್ಣು, ಸಂದಿನ ಬದಲು ಬಾಗಿಲು, ತತ್ತ್ವ ಒಂದೇ. ಒಡ್ಡನ್ನು ಊರಿನವರೆಲ್ಲ ಕೂಡಿ ಕಾಯಬೇಕಾದದ್ದೂ ಅದೇ ರೀತಿ. ಸಿಗಡಿಗೆ ಬೆಲೆ ಬಂದು ಗಜನಿಗಳು ಗುತ್ತಿಗೆಗೆ ಹೋದ ಮೇಲೆ ಅನೇಕ ಕಡೆ ಭತ್ತ ನಿಂತಿತು, ಕಾಯುವವರು ಚದರಿದರು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆನಿಸಿತು. ಆ ಗೌರವದಲ್ಲಿ ಒಡ್ಡು ಕಟ್ಟಿದವರ ಪಾಲನ್ನು ಎಣಿಸಿದವರು ಕಡಮೆ.

ಕಟ್ಟೆಗಳು ಕುಸಿದ ಬಗೆ

ಕಟ್ಟೆಗಳು ಕುಸಿದದ್ದಕ್ಕೆ ಬಿರುಗಾಳಿಯನ್ನು ದೂರಿ ಫಲವಿಲ್ಲ. ಬಿರುಗಾಳಿ ಯಾವಾಗಲೂ ಇತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಪೆಂಗ್‌ಹುವಿನ ದೋಣಿಗಳಿಗೆ ಇಂಜಿನು ಬಂತು, ನೈಲಾನ್ ಬಲೆ ಬಂತು. ದಂಡೆಗೆ ಬರುವ ಮೀನನ್ನು ದೂರದಲ್ಲಿಯೇ ಹಿಡಿದುಬಿಡುವುದು ಸಾಧ್ಯವಾಯಿತು. ತರುಣರು ಗಾವ್‌ಶುಂಗ್ ಮುಂತಾದ ನಗರಗಳಿಗೆ ಕೂಲಿಗೂ ನೌಕರಿಗೂ ಹೊರಟುಹೋದರು. ಪಾಲುಗಳು ಮಕ್ಕಳು ಮೊಮ್ಮಕ್ಕಳಿಗೆ ಹಂಚಿಹೋಗಿ, ಒಂದು ಕಟ್ಟೆಯ ಒಡೆಯರು ಹತ್ತಾರು ಊರುಗಳಲ್ಲಿ ಚದರಿ, ರಾತ್ರಿ ಎದ್ದು ಕಲ್ಲು ಎತ್ತಿಡುವವರು ಇಲ್ಲವಾದರು. ಮೊದಲ ಕಂಡಿ ಮುಚ್ಚದೆ ಉಳಿದ ವರ್ಷವೇ ಕಟ್ಟೆಯ ಕೊನೆಯ ವರ್ಷ.

ಜಪಾನಿನಲ್ಲಿ ಇದೇ ಕತೆಗೆ ಇನ್ನೊಂದು ಕಾರಣವೂ ಸೇರಿತು. ಶಿಮಾಬಾರ ಪರ್ಯಾಯದ್ವೀಪದ ಸುತ್ತ ಒಂದು ಕಾಲದಲ್ಲಿ ಸಾಲುಸಾಲಾಗಿದ್ದ ಸುಕುಯಿ ಎಂಬ ಕಟ್ಟೆಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಕಡಲನ್ನು ತುಂಬಿ ನೆಲ ಮಾಡುವ ಉತ್ಸಾಹದಲ್ಲಿಯೂ, ದಂಡೆಯುದ್ದಕ್ಕೂ ಕಾಂಕ್ರೀಟಿನ ತಡೆಗೋಡೆ ಕಟ್ಟುವ ಭರದಲ್ಲಿಯೂ ದಂಡೆಯೇ ಇಲ್ಲವಾದ ಮೇಲೆ ದಂಡೆಯ ಕಟ್ಟೆ ಎಲ್ಲಿ ನಿಂತೀತು? ಇನ್ನು ಮುಂದೆ ಕಡಲಿನ ಮಟ್ಟವೇ ಏರುತ್ತ ಹೋಗುವ ಕಾಲ. ಅಂಗುಲ ಅಂಗುಲ ಅಳೆದು ಕಟ್ಟಿದ ಗೋಡೆಗಳ ತಲೆ ಇಳಿತದಲ್ಲಿ ಮೊದಲಿನ ಹೊತ್ತಿಗೆ ಮೇಲೇಳದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ. ಪ್ರತಿ ತಲೆಮಾರೂ ಒಂದು ವರಸೆ ಕಲ್ಲು ಏರಿಸಬೇಕಾದೀತು.

ಮತ್ತೆ ಕಟ್ಟುವವರು

ಕಾನೂನಿನ ಆಶ್ರಯ ಇಲ್ಲದಿಲ್ಲ. ನೀರಡಿಯ ಸಾಂಸ್ಕೃತಿಕ ಪರಂಪರೆಯನ್ನು ಕುರಿತು ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ ಒಪ್ಪಂದವು, ನೂರು ವರ್ಷಗಳಿಗೆ ಕಡಮೆಯಿಲ್ಲದೆ ನೀರಿನಲ್ಲಿರುವ ಮಾನವಕೃತ ವಸ್ತುಗಳನ್ನು ರಕ್ಷಣೆಗೆ ಯೋಗ್ಯವೆಂದು ಹೇಳುವಾಗ, ಸದಾಕಾಲ ಮುಳುಗಿರುವುವು ಮಾತ್ರವಲ್ಲದೆ ಆಗಾಗ ಮುಳುಗುವುವನ್ನೂ ಸೇರಿಸಿಕೊಂಡಿದೆ. ದಿನಕ್ಕೆರಡು ಬಾರಿ ಮುಳುಗಿ ಏಳುವ ಮೀನುಗಟ್ಟೆಗೆ ಈ ಮಾತು ಸರಿಯಾಗಿ ಹೊಂದುತ್ತದೆ. ತೈವಾನಿನ ಸರಕಾರ ಪೆಂಗ್‌ಹುವಿನ ಶಿಹುಗಳನ್ನು ವಿಶ್ವಪರಂಪರೆಯ ಪದವಿಗೆ ಅರ್ಹವಾದ ತನ್ನ ತಾಣಗಳ ಪಟ್ಟಿಗೆ ಈ ಶತಮಾನದ ಮೊದಲ ದಶಕದಲ್ಲಿಯೇ ಸೇರಿಸಿತು. ಆದರೆ ತೈವಾನ್ ಯುನೆಸ್ಕೊದ ಸದಸ್ಯರಾಷ್ಟ್ರವಲ್ಲದ ಕಾರಣ ಆ ಪಟ್ಟಿಯನ್ನು ಅದು ಯಾರಿಗೂ ಸಲ್ಲಿಸುವಂತಿಲ್ಲ. ಜಗತ್ತಿನ ಅತಿ ದಟ್ಟವಾದ ಮೀನುಗಟ್ಟೆಗಳ ನೆಲೆಗೆ ಜಗತ್ತಿನ ಪಟ್ಟಿಯಲ್ಲಿ ಎಡೆ ದೊರೆಯದಿರುವುದು ಖೇದಕರ.

ಪಟ್ಟಿಗೆ ಕಾಯದೆ ಕೆಲಸಕ್ಕೆ ಇಳಿದವರೂ ಇದ್ದಾರೆ. ಜಪಾನಿನ ದಕ್ಷಿಣದ ಇಶಿಗಾಕಿ ದ್ವೀಪದ ಶಿರಾಹೊ ಗ್ರಾಮದವರು ಪೂರ್ತಿ ಹಾಳಾಗಿದ್ದ ಕಟ್ಟೆಯೊಂದನ್ನು 2006ರಲ್ಲಿ ಹೊಸದಾಗಿ ಕಟ್ಟಿ, ಶಾಲೆಯ ಮಕ್ಕಳಿಗೆ ಮೀನು ಹಿಡಿಯುವುದನ್ನು ಅಲ್ಲಿ ಕಲಿಸುತ್ತಾರೆ. ಪೆಂಗ್‌ಹುವಿನಲ್ಲಿ, ನಗರದಿಂದ ಹಿಂದಿರುಗಿದ ಕೆಲವು ಯುವಕ ಯುವತಿಯರು ಮುದಿ ಕುಶಲಿಗಳ ಬೆನ್ನುಹತ್ತಿ, ಯಾವ ಕಲ್ಲಿನ ಯಾವ ಮುಖವನ್ನು ಯಾವ ಕಡೆಗೆ ತಿರುಗಿಸಿ ಇಡಬೇಕೆಂಬುದನ್ನು ಇಳಿತದ ಗಂಟೆಗಳಲ್ಲಿ ಕಲ್ಲು ಹೊತ್ತೇ ಕಲಿಯುತ್ತಿದ್ದಾರೆ. ಆ ವಿದ್ಯೆಗೆ ಪುಸ್ತಕವಿಲ್ಲ. ಬಲ್ಲವರು ತೀರಿಕೊಂಡರೆ ಕಲಿಸುವವರಿಲ್ಲ.

ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದದ್ದು ಸ್ಪೇನಿನ ಕಾದಿಸ್ ತೀರದ ಏರ್ಪಾಡು. ರೋಟ ಊರಿನ ಕಟ್ಟೆಗಳನ್ನು ಆಂಡಲೂಸಿಯ ಸರಕಾರ 2001ರಲ್ಲಿ ನೈಸರ್ಗಿಕ ಸ್ಮಾರಕವೆಂದು ಘೋಷಿಸಿದೆ. ನೆರೆಯ ಚಿಪಿಯೋನದಲ್ಲಿ ಕಟ್ಟೆಗಾರರ ಸಂಘವೊಂದು ಇಂದಿಗೂ ಜೀವಂತವಾಗಿದೆ. ಕಟ್ಟೆಯ ಮೀನು ಹಿಡಿಯುವ ಹಕ್ಕುಳ್ಳವನನ್ನು ಅಲ್ಲಿ ಕತಾದೋರ್ ಎನ್ನುತ್ತಾರೆ. ಆ ಹಕ್ಕಿನೊಂದಿಗೇ, ಸಿಂಪಿಗಳು ಬೆಸೆದ ಆ ಕಲ್ಲಿನ ಗೋಡೆಯನ್ನು ಸರಿಯಾಗಿ ಇಟ್ಟುಕೊಂಡು ಬರುವ ಹೊಣೆಯೂ ಅವನದಾಗುತ್ತದೆ. ಊರಿನ ಉಳಿದವರೂ ಇಳಿತದಲ್ಲಿ ಬಂದು ನಿಯಮಕ್ಕೆ ಒಳಪಟ್ಟು ಮೀನು ಹಿಡಿಯಬಹುದು. ಆದರೆ ಕಲ್ಲನ್ನು ಮಗುಚಿ ಹುಡುಕಿದವನು, ಅದನ್ನು ಇದ್ದಂತೆಯೇ ಮತ್ತೆ ಇಟ್ಟು ಹೋಗತಕ್ಕದ್ದು.